ಸೋಮವಾರದಿಂದ ಶುಕ್ರವಾರದವರೆಗೆ ಬರೀ ದಿನ ತಳ್ಳೋದೇನಾ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಹೇಳಿ

ಅಮಾನಿಕೆರೆ_ಏರಿ (ತುಮಕೂರು)

ಮೊದಲು ಲೆಕ್ಕ ನೋಡೋಣ. ವಾರಕ್ಕೆ 168 ಗಂಟೆ. ಶುಕ್ರವಾರ ಸಂಜೆ 7ರಿಂದ ಭಾನುವಾರ ರಾತ್ರಿ 9ರವರೆಗೆ 50 ಗಂಟೆ. ಉಳಿದ 118 ಗಂಟೆ ‘ಯಾವಾಗ ಮುಗಿಯುತ್ತೋ’ ಅನ್ನೋ ಖಾತೆಗೆ ಹೋಗುತ್ತೆ. ಅದರಲ್ಲಿ ಐದು ರಾತ್ರಿಯ ನಿದ್ದೆ 35, ಕೆಲಸ 45, ಬೆಂಗಳೂರಿಗೆ ಹೋಗಿ ಬರೋದು ದಿನಕ್ಕೆ 3ರಂತೆ 15, ಸ್ನಾನ-ಊಟ-ತಿಂಡಿಗೆ 10 ತೆಗೆದರೂ 13 ಗಂಟೆ ಉಳಿಯಬೇಕು. ದಿನಕ್ಕೆ ಎರಡೂವರೆ ಗಂಟೆ. ಅದು ಯಾರ ಕಣ್ಣಿಗೂ ಬೀಳಲ್ಲ.

ಈ ಎಳೆಯಲ್ಲಿ ‘ಮನಸ್ಸು ಬದಲಿಸಿಕೊಳ್ಳಿ, ಈ ಕ್ಷಣದಲ್ಲಿ ಬದುಕಿ’ ಅನ್ನೋ ಉಪದೇಶ ದಯವಿಟ್ಟು ಬೇಡ. ನನ್ನ ವಾದ ಇಷ್ಟೇ: ಸಾಮಾನ್ಯ ದಿನ ಸಪ್ಪೆ ಆಗಿರೋದು ನಮ್ಮ ಮನೋಭಾವದಿಂದಲ್ಲ, ಜೋಡಣೆಯಿಂದ. ಮಾಡಬೇಕಾದ ಕೆಲಸ, ಇಷ್ಟದ ಕೆಲಸ ಎರಡನ್ನೂ ಭಾನುವಾರದ ತಲೆ ಮೇಲೆ ಹೊರಿಸಿದ್ದೇವೆ. ಅದನ್ನು ಇಳಿಸಿ ವಾರದ ಮಧ್ಯಕ್ಕೆ ಹಂಚೋದು ಹೇಗೆ ಅಂತ ಗೊತ್ತಿರೋರು ವಿವರವಾಗಿ ಬರೀರಿ.

ಬಂಗಾರಪೇಟೆ_ಪಾಸ್

ರೈಲಿನವರ ಕಡೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ದಿನ ಹಾಳಾಗೋದು ಮೊದಲು ಅಲ್ಲೇ. 2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಟೆಕ್ಸಾಸಿನ 909 ಉದ್ಯೋಗಸ್ಥ ಹೆಂಗಸರ ದಿನಚರಿಯನ್ನು ತುಂಡು ತುಂಡಾಗಿ ಕೇಳಿ ದಾಖಲಿಸಿದಾಗ, ಬೆಳಗಿನ ಪ್ರಯಾಣಕ್ಕೆ ಖುಷಿಯ ಪಟ್ಟಿಯ ತಳದ ಜಾಗ ಸಿಕ್ಕಿತ್ತು. ಮಾರಿಕುಪ್ಪಂ ಕಡೆಯಿಂದ ಬರೋ ಗಾಡಿಗೆ ಬಂಗಾರಪೇಟೆಯಲ್ಲಿ ಹತ್ತೋರಿಗೆ ಅದನ್ನು ಯಾರೂ ಹೇಳಬೇಕಿಲ್ಲ.

ಮೊದಲ ಕೆಲಸ: ತಿಂಗಳ ಪಾಸ್ ಬಿಟ್ಟು ಮೂರು ತಿಂಗಳದ್ದು ಮಾಡಿಸಿ. ತ್ರೈಮಾಸಿಕ ಪಾಸಿನ ದರ ತಿಂಗಳ ದರದ 2.7 ಪಟ್ಟು, ಆರು ತಿಂಗಳದ್ದು 5.4 ಪಟ್ಟು. ಉಳಿಯೋ ದುಡ್ಡಿಗಿಂತ ದೊಡ್ಡ ಲಾಭ ಅಂದ್ರೆ ಪ್ರತಿ ತಿಂಗಳ ಒಂದು ಸಂಜೆ ಕೌಂಟರ್ ಮುಂದೆ ನಿಲ್ಲೋದು ತಪ್ಪುತ್ತೆ. ಸೂಪರ್‌ಫಾಸ್ಟ್ ಗಾಡಿ ಹತ್ತೋದಾದರೆ ಅದರ ಹೆಚ್ಚುವರಿ ಶುಲ್ಕವನ್ನೂ ಸೇರಿಸಿ ಮಾಡಿಸಿ, ಇಲ್ಲದಿದ್ದರೆ ಪಾಸ್ ಕೈಯಲ್ಲಿದ್ದೂ ದಂಡ.

ಎರಡನೇದು: ಹೋಗೋ ದಾರಿ, ಬರೋ ದಾರಿ ಎರಡಕ್ಕೂ ಒಂದೇ ಕೆಲಸ ಇಡಬೇಡಿ. ಬೆಳಿಗ್ಗೆ ತಲೆ ಚುರುಕಾಗಿರುತ್ತೆ, ಕೂರೋಕೆ ಜಾಗ ಸಿಕ್ಕರೆ ಓದು, ಇಲ್ಲದಿದ್ದರೆ ಕೇಳೋದು. ಸಂಜೆ ಕಣ್ಣು ಮುಚ್ಚೋದಾದ್ರೆ 20 ನಿಮಿಷಕ್ಕೆ ಅಲಾರಂ ಇಟ್ಟು, ವೈಟ್‌ಫೀಲ್ಡ್ ದಾಟೋ ಮುಂಚೆಯೇ ಮುಚ್ಚಿ. ಮಾಲೂರು ದಾಟಿದ ಮೇಲೆ ಮಲಗಿದರೆ ರಾತ್ರಿ ಹನ್ನೆರಡಾದರೂ ನಿದ್ದೆ ಹತ್ತಲ್ಲ.

ಮೂರನೇದು: ರೈಲಿನಲ್ಲಿ ಆಫೀಸ್ ಲ್ಯಾಪ್‌ಟಾಪ್ ತೆಗೆಯೋದು. ‘ಮನೆಗೆ ಹೋಗೋಷ್ಟರಲ್ಲಿ ಮುಗಿಸಿಬಿಡೋಣ’ ಅನ್ನೋರಿಗೆ ಅದು ಮುಗಿಯಲ್ಲ, ಒಂಬತ್ತು ಗಂಟೆ ಕೆಲಸ ಹನ್ನೆರಡಕ್ಕೆ ಬೆಳೆಯುತ್ತೆ. ಮೇಲಿನವರ ಲೆಕ್ಕದ 13 ಗಂಟೆ ಇಲ್ಲೇ ಸೋರಿ ಹೋಗೋದು.

ಚಂದ್ರಿಕೆ_ಮನೆ (ಶಿಡ್ಲಘಟ್ಟ)

ನಿಮ್ಮದೆಲ್ಲ ಶನಿವಾರ-ಭಾನುವಾರ ಇರೋರ ಮಾತು. ನಮ್ಮ ಕಡೆ ರೇಷ್ಮೆ ಸಾಕೋರ ಮನೆಯಲ್ಲಿ ವಾರಕ್ಕೆ ಆ ಆಕಾರವೇ ಇಲ್ಲ. ಅದನ್ನೇ ವಿವರಿಸ್ತೀನಿ, ಸಂಬಳದ ಕೆಲಸದವರಿಗೂ ಇದರಿಂದ ಸಿಗೋದು ಇದೆ.

ಚಾಕಿ ಕೇಂದ್ರದಿಂದ (ಮರಿಹುಳು ಸಾಕಿ ಕೊಡೋ ಜಾಗ) ಎರಡನೇ ಜ್ವರ, ಅಂದ್ರೆ ಪೊರೆ ಕಳಚೋ ಹಂತ, ಮುಗಿಸಿ ಎದ್ದ ಹುಳು ಮನೆಗೆ ಬರುತ್ತೆ. ಅಲ್ಲಿಂದ ಮೂರನೇ ಜ್ವರ, ನಾಲ್ಕನೇ ಜ್ವರ, ಆಮೇಲೆ ಏಳೆಂಟು ದಿನ ದೊಡ್ಡ ಮೇವು. ಹುಳು ತನ್ನ ಜೀವಮಾನದಲ್ಲಿ ತಿನ್ನೋ ಸೊಪ್ಪಿನ ಐದರಲ್ಲಿ ನಾಲ್ಕು ಪಾಲು ಈ ಕೊನೆ ಹಂತದಲ್ಲೇ ಖಾಲಿ. ಆ ವಾರ ಮನೆಯವರೆಲ್ಲ ತೋಟಕ್ಕೂ ಹುಳುಮನೆಗೂ ಓಡಾಡಬೇಕು. ಭಾನುವಾರ ಅಂದ್ರೂ ಒಂದೇ, ಬುಧವಾರ ಅಂದ್ರೂ ಒಂದೇ. ಹಣ್ಣಾದ (ಗೂಡು ಕಟ್ಟೋಕೆ ಸಿದ್ಧವಾದ) ಹುಳು ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ತಟ್ಟೆಗೆ, ಬಿಟ್ಟ ಮೇಲೆ ಐದಾರನೇ ದಿನ ಗೂಡು ಬಿಡಿಸಿ ಮಾರುಕಟ್ಟೆಗೆ.

ಇದರ ಮಧ್ಯೆ ಬಿಡುವು ಎಲ್ಲಿ? ಜ್ವರದ ದಿನ. ಹುಳು ಪೊರೆ ಕಳಚೋಕೆ ತಲೆ ಎತ್ತಿ ಅಲುಗಾಡದೆ ನಿಂತಾಗ ಹೆಚ್ಚು ಕಡಿಮೆ ಒಂದು ದಿನ, ನಾಲ್ಕನೇ ಜ್ವರದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು, ಸೊಪ್ಪು ಹಾಕೋ ಹಾಗಿಲ್ಲ. ಹುಳುವಿನ ಹಾಸಿಗೆ ತೆಳುವಾಗಿ ಹರಡಿ ಮೇಲೆ ಸುಣ್ಣದ ಪುಡಿ ಉದುರಿಸಿ, ಗಾಳಿ ಆಡೋಕೆ ಬಿಟ್ಟು ಆಚೆ ಬರಬೇಕು. ‘ಪಾಪ ಹಸಿದಿರುತ್ತೆ’ ಅಂತ ಮೊದಲು ಎದ್ದ ನಾಲ್ಕು ಹುಳಕ್ಕೆ ಸೊಪ್ಪು ಹಾಕಿದರೆ ಕೆಟ್ಟಿತು: ಕೆಲವು ಮುಂದೆ, ಕೆಲವು ಹಿಂದೆ, ಹಣ್ಣಾಗೋದು ಮೂರು ದಿನಕ್ಕೆ ಎಳೆಯುತ್ತೆ. ಒದ್ದೆ ಸೊಪ್ಪು ಉಳಿದು ಹಾಸಿಗೆ ತೇವವಾದರೆ ಸುಣ್ಣಕಟ್ಟು ರೋಗ ಬೇರೆ. ನೂರಕ್ಕೆ ತೊಂಬತ್ತೈದು ಎದ್ದ ಮೇಲೆಯೇ ಮೊದಲ ಮೇವು.

ಹಾಗಾಗಿ ಸುಮ್ಮನಿರೋದು ಕೂಡ ಆ ದಿನದ ಕೆಲಸ. ಹುಳು ಬಂದ ದಿನವೇ ಕ್ಯಾಲೆಂಡರ್ ಮೇಲೆ ಎರಡು ಜ್ವರ ಬೀಳೋ ದಿನ ಗುರುತು ಹಾಕಿ, ಆಸ್ಪತ್ರೆ, ಬ್ಯಾಂಕು, ನೆಂಟರ ಮನೆ ಎಲ್ಲ ಅಲ್ಲಿಗೆ ಕೂಡಿಸ್ತಾರೆ. ಸಂಬಳದವರೂ ತಮ್ಮ ಕೆಲಸದಲ್ಲಿ ಇಂಥ ದಿನ ಯಾವುದು ಅಂತ ನೋಡಲಿ. ತಿಂಗಳ ಕೊನೆಗೆ ಲೆಕ್ಕ ಮುಗಿಸೋ ಕಚೇರಿಗೆ ಮೊದಲ ವಾರದ ಎರಡು ದಿನ, ಶಾಲೆಯವರಿಗೆ ಕಿರುಪರೀಕ್ಷೆಯ ಮಾರನೆ ದಿನ. ಭಾನುವಾರಕ್ಕೆ ಕಾಯೋದರ ಬದಲು ಕೆಲಸವೇ ಇಳಿಯೋ ದಿನ ಹಿಡೀರಿ.

ಗೌರಿಬಿದನೂರು_ಹಾಲು

ಹಸು ಇರೋರಿಗೆ ಜ್ವರದ ದಿನವೂ ಇಲ್ಲ ಸ್ವಾಮಿ. ಬೆಳಿಗ್ಗೆ ಆರಕ್ಕೆ ಕರೆದರೆ ಸಂಜೆ ಆರಕ್ಕೆ ಕರೀಲೇಬೇಕು. ಭಾನುವಾರ ಅಂತ ಎರಡು ಗಂಟೆ ತಡ ಮಾಡಿದರೆ ಹಾಲೂ ಕಡಿಮೆ, ಕೆಚ್ಚಲು ಬಾವಿನ ಭಯವೂ ಉಂಟು, ಡೈರಿಯವರು ಬಾಗಿಲು ಹಾಕಿಕೊಂಡು ಹೋಗಿರ್ತಾರೆ. ಆದ್ರೆ ಡೈರಿ ಮುಂದೆ ಕ್ಯಾನ್ ಇಟ್ಟು ಫ್ಯಾಟ್ ನೋಡೋವರೆಗಿನ ಹತ್ತು ನಿಮಿಷದ ಹರಟೆ ಇದೆಯಲ್ಲ, ದಿನಕ್ಕೆರಡು ಸಲ, ವಾರಕ್ಕೆ ಹದಿನಾಲ್ಕು ಸಲ. ನಗರದವರು ತಿಂಗಳಿಗೊಮ್ಮೆ ‘ಫ್ರೆಂಡ್ಸ್ ಮೀಟ್’ ಇಟ್ಟುಕೊಂಡು ಅದನ್ನೂ ಮುಂದೂಡ್ತಾರೆ.

ಮೂರನೇ_ಪಾಳಿ (ನರಸಾಪುರ)

ಕೇಳೋಕೆ ಚೆಂದ. ಪಾಳಿಯಲ್ಲಿ ದುಡಿಯೋರಿಗೆ ವಾರದ ರಜೆ ಮಂಗಳವಾರ ಬೀಳುತ್ತೋ ಗುರುವಾರ ಬೀಳುತ್ತೋ ಗೊತ್ತಿರಲ್ಲ. ಅವರ ಮುಂದೆ ‘ಸೋಮವಾರವನ್ನು ಪ್ರೀತಿಸಿ’ ಅಂದ್ರೆ ಏನರ್ಥ? ಭಾನುವಾರದ ರಜೆ ಪುಕ್ಕಟೆ ಸಿಕ್ಕಿದ್ದಲ್ಲ ಅನ್ನೋದೂ ನೆನಪಿರಲಿ. ನಾರಾಯಣ ಮೇಘಾಜಿ ಲೋಖಂಡೆ ಮುಂಬೈ ಗಿರಣಿ ಕಾರ್ಮಿಕರನ್ನು ಕಟ್ಟಿಕೊಂಡು ಹೋರಾಡಿ 1890ರಲ್ಲಿ ಪಡೆದದ್ದು. ವಾರಾಂತ್ಯಕ್ಕೆ ಕಾಯೋದನ್ನು ಕಾಯಿಲೆ ಥರ ನೋಡೋದು ನನಗೆ ಸರಿ ಕಾಣಲ್ಲ.

ಅಮಾನಿಕೆರೆ_ಏರಿ (ತುಮಕೂರು)

ಒಪ್ಪಿದೆ, ರಜೆ ಬೇಡ ಅಂತ ಇಲ್ಲಿ ಯಾರೂ ಅಂದಿಲ್ಲ. ಪಾಳಿಯವರ ವಿವರ ಗೊತ್ತಿದ್ದರೆ ನೀವೇ ಬರೀರಿ, ವಸಂತನರಸಾಪುರದ ಕಾರ್ಖಾನೆಯವರಿಗೂ ಬೇಕು.

ಮೂರನೇ_ಪಾಳಿ (ನರಸಾಪುರ)

ಬರೀತೀನಿ. ಮೊದಲು ಹಕ್ಕಿನ ಮಾತು. 1948ರ ಕಾರ್ಖಾನೆ ಕಾಯ್ದೆ (2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು) ಹಾಕಿಕೊಟ್ಟಿದ್ದ ಲೆಕ್ಕ ಹೀಗಿತ್ತು: ಭಾನುವಾರ ಕೆಲಸ ಮಾಡಿಸಿದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಒಂದು ಪೂರ್ತಿ ರಜೆ, ಏನೇ ಅದಲುಬದಲು ಮಾಡಿದರೂ ಸತತ ಹತ್ತು ದಿನಕ್ಕಿಂತ ಹೆಚ್ಚು ದುಡಿಸುವಂತಿರಲಿಲ್ಲ. ಪಾಳಿ ಮಧ್ಯರಾತ್ರಿ ದಾಟುವುದಾದರೆ ಪೂರ್ತಿ ದಿನದ ರಜೆ ಅಂದ್ರೆ ಪಾಳಿ ಮುಗಿದ ಗಳಿಗೆಯಿಂದ ಪೂರಾ 24 ಗಂಟೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಬಿಟ್ಟು ‘ಇವತ್ತು ರಜೆ, ರಾತ್ರಿ ಹತ್ತಕ್ಕೆ ಬಾ’ ಅಂದ್ರೆ ಅದು ಹದಿನಾರು ಗಂಟೆ, ವಾರದ ರಜೆ ಅಲ್ಲ.

ಇನ್ನು ದಿನದ ಜೋಡಣೆ. ಮೂರು ಪಾಳಿಯಲ್ಲಿ ನಿಜವಾಗಿ ಸಿರಿವಂತ ಪಾಳಿ ಎರಡನೇದು, ಮಧ್ಯಾಹ್ನ 2ರಿಂದ ರಾತ್ರಿ 10. ಹನ್ನೆರಡಕ್ಕೆ ಮಲಗಿ ಏಳೂವರೆಗೆ ಎದ್ದರೂ ಮಧ್ಯಾಹ್ನ ಒಂದರವರೆಗೆ ಐದೂವರೆ ಗಂಟೆ ಹಗಲು ಕೈಯಲ್ಲಿರುತ್ತೆ. ಸರ್ಕಾರಿ ಕಚೇರಿ, ಬ್ಯಾಂಕು, ಗ್ರಂಥಾಲಯ ಎಲ್ಲ ತೆರೆದಿರೋ ಹೊತ್ತು. ಬಹಳ ಜನ ಇದನ್ನು ಹನ್ನೊಂದರವರೆಗೆ ಮಲಗಿ ಕಳೀತಾರೆ.

ರಾತ್ರಿ ಪಾಳಿಗೆ ಒಂದೇ ಸೂತ್ರ: ದಿನಾ ಒಂದೇ ನಾಲ್ಕು ಗಂಟೆಯಲ್ಲಿ ನಿದ್ದೆ ಬೀಳಬೇಕು, ರಜೆ ದಿನವೂ. ಪಾಳಿ ದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಮಲಗೋದಾದರೆ, ರಜೆ ದಿನ ನಡುರಾತ್ರಿ 3ರಿಂದ ಬೆಳಿಗ್ಗೆ 11ರವರೆಗೆ ಮಲಗಿ. 7ರಿಂದ 11 ಎರಡೂ ಕಡೆ ಸೇರುತ್ತೆ. ರಜೆಗೆ ಅಂತ ಪೂರ್ತಿ ಹಗಲಿನವರ ಥರ ಆಗೋಕೆ ಹೋದರೆ ಮತ್ತೆ ಪಾಳಿಗೆ ಹೊಂದೋಕೆ ಮೂರು ರಾತ್ರಿ ಬೇಕು, ಅಷ್ಟರಲ್ಲಿ ಮುಂದಿನ ರಜೆ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ, ಕಾಫಿ ಕೊನೆಯ ಲೋಟ ನಡುರಾತ್ರಿ ಒಂದಕ್ಕೇ ನಿಲ್ಲಿಸಿ. ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆ ಆದ ಮೇಲೂ ಮೈಯಲ್ಲೇ ಇರುತ್ತೆ.

ನಿದ್ದೆ_ಲೆಕ್ಕ (ಚಿಂತಾಮಣಿ)

ಹಗಲು ಕೆಲಸದವರಿಗೂ ಇದೇ ರೋಗ, ಅವರಿಗೆ ಗೊತ್ತಾಗಲ್ಲ ಅಷ್ಟೇ. ನಿದ್ದೆಯ ನಡುಬಿಂದು ತೆಗೀರಿ. ವಾರದಲ್ಲಿ 11ಕ್ಕೆ ಮಲಗಿ 6ಕ್ಕೆ ಎದ್ದರೆ ನಡುಬಿಂದು ನಡುರಾತ್ರಿ 2:30. ಶನಿವಾರ ರಾತ್ರಿ 1:30ಕ್ಕೆ ಮಲಗಿ ಭಾನುವಾರ 9:30ಕ್ಕೆ ಎದ್ದರೆ ಅದು 5:30. ಮೂರು ಗಂಟೆ ವ್ಯತ್ಯಾಸ. ಎದ್ದದ್ದು ಚಿಂತಾಮಣಿಯಲ್ಲೇ ಆದರೂ ದೇಹದ ಗಡಿಯಾರ ಮೂರು ಗಂಟೆ ಪಶ್ಚಿಮದ ದೇಶದಲ್ಲಿರುತ್ತೆ. ಜರ್ಮನಿಯ ನಿದ್ದೆ ಸಂಶೋಧಕ ಟಿಲ್ ರೋನೆಬರ್ಗ್ ತಂಡ 2006ರಲ್ಲಿ ಇದಕ್ಕೆ ‘ಸೋಷಿಯಲ್ ಜೆಟ್‌ಲ್ಯಾಗ್’ ಅಂತ ಹೆಸರಿಟ್ಟಿತು.

ಭಾನುವಾರ ರಾತ್ರಿ ನಿದ್ದೆ ಬರದೆ ಹೊರಳಾಡೋದು, ಸೋಮವಾರ ತಲೆ ಭಾರ, ಇದನ್ನೆಲ್ಲ ಆಫೀಸಿನ ಮೇಲೆ ಹಾಕ್ತೀವಿ. ಅರ್ಧ ಪಾಲು ನಿದ್ದೆಯದ್ದು. ವ್ಯತ್ಯಾಸ ಒಂದು ಗಂಟೆಯೊಳಗೆ ಇಳಿಸಿ. ಬಾಕಿ ನಿದ್ದೆ ತೀರಿಸಬೇಕು ಅನ್ನಿಸಿದರೆ ಏಳೋ ಹೊತ್ತು ಮುಂದೂಡಬೇಡಿ, ಬುಧವಾರ, ಗುರುವಾರ ನಲವತ್ತು ನಿಮಿಷ ಬೇಗ ಮಲಗಿ. ಭಾನುವಾರದ ಮಧ್ಯಾಹ್ನದ ಊಟ ಮಾಡಿ ಎರಡು ಗಂಟೆ ಮಲಗೋದು ಮಾತ್ರ ಬೇಡ. ಮಲಗೋದೇ ಆದರೆ ಅರ್ಧ ಗಂಟೆ, ಮೂರರೊಳಗೆ.

ಕ್ಯಾತ್ಸಂದ್ರ_ತಟ್ಟೆ

ಊಟ ಮಾಡಿ ಮಲಗಬೇಡಿ ಅಂತೀರ, ಭಾನುವಾರದ ಬಾಡೂಟದ ಗತಿ ಏನು 😄

ಉಪ್ಪಾರಪೇಟೆ_ಬೀದಿ (ತುಮಕೂರು)

ಬಾಡೂಟ ಬುಧವಾರಕ್ಕೆ ಹಾಕಿ. ಕಿಚಾಯಿಸ್ತಿಲ್ಲ. ನಮ್ಮ ಕಡೆ ಸೋಮವಾರ, ಗುರುವಾರ, ಶನಿವಾರ ಒಂದಲ್ಲ ಒಂದು ದೇವರ ಹೆಸರಲ್ಲಿ ಬಿಡೋರೇ ಜಾಸ್ತಿ. ಭಾನುವಾರ ಅಂಗಡಿ ಮುಂದೆ ಸಾಲು, ಆರಿಸೋಕೆ ಬಿಡಲ್ಲ, ಕೊಟ್ಟಿದ್ದು ತಗೋಬೇಕು. ಬುಧವಾರ ಸಂಜೆ ಅಂಗಡಿಯವನಿಗೇ ಪುರುಸೊತ್ತು, ಹೇಳಿದ ಹಾಗೆ ಕತ್ತರಿಸಿ ಕೊಡ್ತಾನೆ. ಅರ್ಧ ಕಿಲೋ ಫಾರಂ ಕೋಳಿ ಎರಡು ವಿಷಲ್‌ಗೆ ಬೇಯುತ್ತೆ. ನಾಟಿ ಕೋಳಿ ಆದರೆ ಐದಾರು, ಅದನ್ನು ಭಾನುವಾರಕ್ಕೇ ಇಟ್ಕೊಳ್ಳಿ.

ಹಾಗೇ ಕ್ಷೌರ. ಮಂಗಳವಾರ ಅಂಗಡಿ ಮುಚ್ಚಿರುತ್ತೆ, ಭಾನುವಾರ ಒಂದೂವರೆ ಗಂಟೆ ಪೇಪರ್ ಓದ್ತಾ ಕೂರಬೇಕು. ಗುರುವಾರ ರಾತ್ರಿ ಎಂಟಕ್ಕೆ ಹೋದರೆ ಕುರ್ಚಿ ಖಾಲಿ. ಇನ್ನು ಬಟ್ಟೆ ಒಗೆಯೋದು ನಲ್ಲಿ ನೀರು ಬಿಡೋ ದಿನಕ್ಕೆ ಕಟ್ಟಿಕೊಂಡಿರುತ್ತೆ, ವಾರ್ಡಿಗೊಂದು ದಿನ. ಅದು ಬುಧವಾರ ಬಂದರೆ ಬುಧವಾರವೇ ಒಂದು ಸಲ ಮಷಿನ್ ತಿರುಗಿಸಿ ಮುಗಿಸಿ, ಭಾನುವಾರದವರೆಗೆ ಗುಡ್ಡೆ ಹಾಕಬೇಡಿ. ಇಷ್ಟರಲ್ಲೇ ಭಾನುವಾರ ಬೆಳಿಗ್ಗೆ ನಾಲ್ಕು ಗಂಟೆ ಹಗುರ.

ಸೊಪ್ಪಿನ_ಕಟ್ಟು (ಮಾಲೂರು)

ಅಡಿಗೆ ಮಾತು ಬಂತಲ್ಲ. ‘ವಾರಕ್ಕಾಗೋಷ್ಟು ಭಾನುವಾರವೇ ಮಾಡಿ ಫ್ರಿಜ್ಜಿಗೆ ತುಂಬಿ’ ಅನ್ನೋ ಫ್ಯಾಷನ್ ನಮ್ಮ ಊಟಕ್ಕೆ ಹೊಂದಲ್ಲ. ಭಾನುವಾರವೂ ಹೋಯಿತು, ಗುರುವಾರದ ಊಟವೂ ಹಳಸಲು. ಅದರ ಬದಲು ಸೋಮವಾರ ರಾತ್ರಿ ಬಸ್ಸಾರು ಹಾಕಿ. ಒಂದೇ ಪಾತ್ರೆಯಿಂದ ಸಾರು, ಪಲ್ಯ ಎರಡೂ ಬರುತ್ತೆ, ಸಾರು ಮಂಗಳವಾರ ಇನ್ನೂ ರುಚಿ.

ನಾಲ್ಕು ಜನಕ್ಕೆ ಒಂದು ಲೋಟ ತೊಗರಿಬೇಳೆ, ದಂಟಿನ ಸೊಪ್ಪು ಎರಡು ಕಟ್ಟು, ಅರ್ಧ ಕಟ್ಟು ಸಬ್ಬಸಿಗೆ. ಬೇಳೆಯನ್ನು ಆರು ಲೋಟ ನೀರಿನಲ್ಲಿ ತೆರೆದ ಪಾತ್ರೆಯಲ್ಲೇ ಬೇಯಿಸಿ, ಸುಮಾರು 20 ನಿಮಿಷ. ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಮಸಿಯಬಾರದು. ಆಗ ಸೊಪ್ಪು ಹಾಕಿ ಇನ್ನು ಆರು ನಿಮಿಷ, ಮುಚ್ಚಳ ಬೇಡ, ಬಣ್ಣ ಹೋಗುತ್ತೆ. ಉಪ್ಪು ಹಾಕಿ ಬಸಿಯಿರಿ. ಕೆಳಗೆ ಬಂದದ್ದು ಕಟ್ಟು.

ಎಲ್ಲರೂ ಎಡವೋದು ಇಲ್ಲಿ: ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿಬಿಡ್ತಾರೆ. ಬೇಳೆ ಕರಗಿ ಕಟ್ಟು ಗಂಜಿಯಾಗುತ್ತೆ, ಪಲ್ಯ ಮುದ್ದೆಯಾಗುತ್ತೆ, ಎರಡೂ ಹೋಯಿತು. ಆತುರ ಇದ್ದರೆ ಬೇಳೆ ಅರ್ಧ ಗಂಟೆ ನೆನೆಸಿ ಒಂದೇ ವಿಷಲ್, ಆಮೇಲೆ ಸೊಪ್ಪು ಬೇರೆ ಹಾಕಿ.

ಖಾರಕ್ಕೆ: ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಎಣ್ಣೆಯಲ್ಲಿ ಬಾಡಿಸಿ, ಕಾಲು ಚಮಚ ಮೆಣಸು, ಅರ್ಧ ಚಮಚ ಜೀರಿಗೆ, ಎರಡು ಚಮಚ ಸಾರಿನ ಪುಡಿ, ಗೋಲಿಯಷ್ಟು ಹುಣಸೆಹಣ್ಣು. ಇದರ ಜೊತೆಗೆ ಬೆಂದ ಬೇಳೆ-ಸೊಪ್ಪು ಎರಡು ಹಿಡಿ ಸೇರಿಸಿ ರುಬ್ಬಬೇಕು, ಇಲ್ಲದಿದ್ದರೆ ಸಾರು ನೀರು ನೀರು. ಕಟ್ಟಿಗೆ ಬೆರೆಸಿ ಹತ್ತು ನಿಮಿಷ ಕುದಿಸಿ, ಒಗ್ಗರಣೆ. ಮಾರನೆ ದಿನಕ್ಕೂ ಇಡೋದಾದರೆ ರುಬ್ಬೋವಾಗ ತೆಂಗಿನಕಾಯಿ ಬೇಡ. ಬೇಸಿಗೆಯಲ್ಲಿ ಕಾಯಿ ಹಾಕಿದ ಸಾರು ಹೊರಗಿಟ್ಟರೆ ಮಾರನೆ ದಿನಕ್ಕೆ ಹುಳಿ ತಿರುಗುತ್ತೆ. ಕಾಯಿತುರಿ ಪಲ್ಯಕ್ಕೆ ಹಾಕಿ, ಅದು ಅವತ್ತೇ ಖಾಲಿಯಾಗುತ್ತೆ.

ಬಂಗಾರಪೇಟೆ_ಪಾಸ್

ಎಂಟೂವರೆಗೆ ಮನೆ ಸೇರೋರಿಗೆ ಇದು ಆಗುತ್ತಾ?

ಸೊಪ್ಪಿನ_ಕಟ್ಟು (ಮಾಲೂರು)

ಸೊಪ್ಪು ಬಿಡಿಸಿ ಇಟ್ಟಿದ್ದರೆ 45 ನಿಮಿಷ. ಸೊಪ್ಪು ಬಿಡಿಸೋದೇ ತಾಪತ್ರಯ, ಭಾನುವಾರ ಸಂಜೆ ಟೀವಿ ಮುಂದೆ ಎಲ್ಲರೂ ಕೂತು ಬಿಡಿಸಿ, ತೊಳೆಯದೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನ ತಳದಲ್ಲಿಡಿ. ತೊಳೆದಿಟ್ಟರೆ ಕೊಳೆಯುತ್ತೆ.

ನಂದಿ_ಬುಡ (ಚಿಕ್ಕಬಳ್ಳಾಪುರ)

ತಿರುಗಾಟದ ಬಗ್ಗೆ ಯಾರೂ ಬರೆದಿಲ್ಲ. 1,478 ಮೀಟರ್ ಎತ್ತರದ ನಂದಿಬೆಟ್ಟ ಪಕ್ಕದಲ್ಲಿಟ್ಟುಕೊಂಡು, ಬೆಂಗಳೂರಿನವರು ಬರೋ ದಿನವೇ ನಾವೂ ಹೋಗಿ ವಾಹನದ ಸಾಲಿನಲ್ಲಿ ಸೂರ್ಯೋದಯ ನೋಡೋದು ಯಾವ ಜಾಣತನ? ಊರಿನವರಿಗೆ ಇರೋ ಒಂದೇ ಅನುಕೂಲ ಅಂದ್ರೆ ಗುರುವಾರವೂ ಇಲ್ಲೇ ಇರ್ತೀವಿ ಅನ್ನೋದು. ಬೆಟ್ಟ ಹತ್ತಲೇಬೇಕು ಅಂತಿಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ವಾರದ ದಿನ ಬೆಳಿಗ್ಗೆ ಅರ್ಧ ಗಂಟೆ ಕೂತು ಬನ್ನಿ. ಭಾನುವಾರ ಅಲ್ಲಿ ಮದುವೆ ಫೋಟೋದವರು ಜಾಗ ಬಿಡಲ್ಲ. ಕೋಲಾರದವರಿಗೆ ಅಂತರಗಂಗೆ ಬೆಟ್ಟ ಪೇಟೆಯಿಂದ ಮೂರು ಕಿಲೋಮೀಟರ್. ತುಮಕೂರಿನವರಿಗೆ ದೇವರಾಯನದುರ್ಗ ಸುಮಾರು 15, ನಾಮದ ಚಿಲುಮೆಯೂ ಅದೇ ದಾರಿ.

ಸಂಜೆ ಹೋಗೋರು ಸೂರ್ಯಾಸ್ತದ ಲೆಕ್ಕ ಇಟ್ಟುಕೊಳ್ಳಿ. ಜೂನ್ ಕೊನೆ, ಜುಲೈನಲ್ಲಿ ಬೆಳಕು 6:45 ದಾಟುತ್ತೆ, ಐದೂವರೆಗೆ ಕೆಲಸ ಬಿಟ್ಟರೂ ಒಂದು ಗಂಟೆ ಸಿಗುತ್ತೆ. ನವೆಂಬರ್ ಕೊನೆಗೆ 5:50ಕ್ಕೇ ಮುಳುಗುತ್ತೆ, ಆಗ ಬೆಳಿಗ್ಗೆಗೆ ಬದಲಿಸಿ. ಜನವರಿಯಲ್ಲಿ ಸೂರ್ಯ ಹುಟ್ಟೋದೇ 6:45ರ ಹತ್ತಿರ, ಜೊತೆಗೆ ನಮ್ಮ ಕಡೆ ಮಂಜು, ಬೈಕಿನವರು ಹುಷಾರು. ಅಂತರಗಂಗೆಗೆ ಕೈಯಲ್ಲಿ ತಿಂಡಿ ಹಿಡಿದು ಹತ್ತಬೇಡಿ, ಕೋತಿಗಳಿಗೆ ವಾರವೆಲ್ಲ ಒಂದೇ.

ಮುಳಬಾಗಿಲು_ಕಾವಲಿ

ಹಿಂದಿನವರ ಪಂಚಾಂಗ ನೋಡಿ, ಹಬ್ಬದ ಸಡಗರ ಎಲ್ಲ ಭಾನುವಾರ ಬಿಟ್ಟು ಬೇರೆ ದಿನಕ್ಕೇ. ಕಾರ್ತಿಕ ಸೋಮವಾರ, ಆಷಾಢ ಶುಕ್ರವಾರ, ಶ್ರಾವಣ ಶನಿವಾರ. ಸಂತೆಯೂ ಊರಿಗೊಂದು ವಾರ. ವಾರದ ಮಧ್ಯೆ ಕಾಯೋಕೆ ಏನಾದರೂ ಇತ್ತು. ಈಗ ಸಂತೆ ಇದ್ದರೂ ಆ್ಯಪ್‌ನಲ್ಲಿ ತರಕಾರಿ ತರಿಸ್ತೀವಿ.

ಮೂರನೇ_ಪಾಳಿ (ನರಸಾಪುರ)

ಸಂತೆಗೆ ಹೋಗೋರು ಸಂಜೆ ಆರರ ಮೇಲೆ ಹೋಗಿ, ಸೊಪ್ಪು ಅರ್ಧ ರೇಟು. ಟೊಮೆಟೊ ಮಾತ್ರ ಕೊನೆಗೆ ಉಳಿದದ್ದು ತಗೋಬೇಡಿ, ತಳದಲ್ಲಿ ಒತ್ತಿಹೋದದ್ದೇ ಇರುತ್ತೆ.

ನಿದ್ದೆ_ಲೆಕ್ಕ (ಚಿಂತಾಮಣಿ)

ಕಚೇರಿಯವರಿಗೆ ಒಂದು ಬಿಟ್ಟುಹೋಗಿತ್ತು. ಶುಕ್ರವಾರದ ಕೊನೆಯ ಹದಿನೈದು ನಿಮಿಷ ಹೊಸ ಕೆಲಸ ಮುಟ್ಟಬೇಡಿ. ಸೋಮವಾರ ಬೆಳಿಗ್ಗೆ ಮೊದಲು ಮಾಡೋ ಕೆಲಸ ಒಂದನ್ನು ಚೀಟಿಯಲ್ಲಿ ಬರೆದು ಕೀಬೋರ್ಡ್ ಮೇಲಿಡಿ. ‘ವರದಿ ಮುಗಿಸು’ ಅಂತಲ್ಲ, ‘ವರದಿಯ ಮೂರನೇ ಕೋಷ್ಟಕದ ಮೊತ್ತ ತಾಳೆ ನೋಡು’ ಅಂತ. ಅರ್ಧ ಗಂಟೆಯಲ್ಲಿ ಮುಗಿಯೋದು ಇರಬೇಕು. ಭಾನುವಾರ ಸಂಜೆ ಹೊಟ್ಟೆ ಕಿವುಚೋದು ಕೆಲಸ ಜಾಸ್ತಿ ಇದೆ ಅಂತಲ್ಲ, ಎಲ್ಲಿಂದ ಶುರು ಅಂತ ಗೊತ್ತಿಲ್ಲ ಅಂತ. ಸೋಮವಾರ ಇಮೇಲ್ ತೆರೆಯೋದು ಆ ಕೆಲಸ ಮುಗಿದ ಮೇಲೆ.

ಕ್ಯಾತ್ಸಂದ್ರ_ತಟ್ಟೆ

ಬಸ್ಸಾರಿಗೆ ಅವರೆಕಾಳು ಹಾಕಿದರೆ ನೀರು ಎಷ್ಟು?

ಸೊಪ್ಪಿನ_ಕಟ್ಟು (ಮಾಲೂರು)

ಹಸಿ ಅವರೆಕಾಳಾದರೆ ಎರಡು ಲೋಟ ಕಾಳಿಗೆ ಐದು ಲೋಟ ನೀರು ಸಾಕು, 15 ನಿಮಿಷ. ಒಣ ಕಾಳಾದರೆ ಹಿಂದಿನ ರಾತ್ರಿ ನೆನೆಹಾಕಿ, ಆರು ಲೋಟ ನೀರು, ಇದಕ್ಕೆ ಮಾತ್ರ ಕುಕ್ಕರಿನಲ್ಲಿ ಎರಡು ವಿಷಲ್ ಪರವಾಗಿಲ್ಲ. ಸಬ್ಬಸಿಗೆ ಬಿಡಬೇಡಿ.